ಅಭ್ಯಾಸದ ಶಾಟ್‌ನಿಂದ ಮುಗಿದ ಕಿರುಚಿತ್ರದವರೆಗೆ: ಸಿನಿಮಾ ವಿದ್ಯಾರ್ಥಿಗೊಂದು ಸಮಗ್ರ ಮಾರ್ಗದರ್ಶಿ

ಕ್ಯಾಮೆರಾ ಕೈಗೆ ಬಂದ ಹೊಸದರಲ್ಲಿ ಗಮನವೆಲ್ಲ ಚೆಂದದ ಫ್ರೇಮಿನ ಮೇಲಿರುತ್ತದೆ. ಅಂಥ ಫ್ರೇಮುಗಳು ಐವತ್ತಿದ್ದರೂ ಸಂಕಲನಕ್ಕೆ ಕೂತಾಗ ಒಂದರ ಪಕ್ಕ ಇನ್ನೊಂದು ನಿಲ್ಲುವುದಿಲ್ಲ. ಒಂದರಲ್ಲಿ ಬಲಗೈಯಲ್ಲಿದ್ದ ಲೋಟ ಇನ್ನೊಂದರಲ್ಲಿ ಎಡಗೈಗೆ ಬಂದಿರುತ್ತದೆ. ಎದುರುಬದುರು ಕೂತು ಮಾತಾಡುವ ಇಬ್ಬರೂ ಪರದೆಯ ಮೇಲೆ ಒಂದೇ ದಿಕ್ಕಿಗೆ ನೋಡುತ್ತಿರುತ್ತಾರೆ. ಒಂದು ಶಾಟ್‌ನಲ್ಲಿ ಕೇಳುವ ಫ್ಯಾನಿನ ಸದ್ದು ಮುಂದಿನದರಲ್ಲಿ ತಟ್ಟನೆ ಮಾಯವಾಗುತ್ತದೆ.

ಹಾಗಾಗಿ ವಿದ್ಯಾರ್ಥಿ ಮೊದಲು ರೂಢಿಸಿಕೊಳ್ಳಬೇಕಾದದ್ದು ಮುಂದಿನ ಹಂತವನ್ನು ಮೊದಲೇ ಯೋಚಿಸುವ ಅಭ್ಯಾಸ. ಬರೆಯುವಾಗಲೇ ಚಿತ್ರೀಕರಣಕ್ಕೆ ಏನು ಬೇಕೆಂದು ಗೊತ್ತಿರಬೇಕು, ಚಿತ್ರೀಕರಿಸುವಾಗಲೇ ಸಂಕಲನಕ್ಕೆ, ಸಂಕಲಿಸುವಾಗಲೇ ಶಬ್ದದ ಕೆಲಸಕ್ಕೆ. ಕೆಳಗಿನ ಹಂತಗಳೆಲ್ಲ 5ರಿಂದ 8 ನಿಮಿಷದ ಕಿರುಚಿತ್ರ, ಐದಾರು ಜನರ ತಂಡ, ಎರಡು ಮೂರು ದಿನಗಳ ಶೂಟಿಂಗ್ ಎಂಬ ಅಳತೆಗೆ ಬರೆದವು.

ಹಂತ 1: ಮಾತಿಲ್ಲದ ಅಭ್ಯಾಸಗಳು

ಮೊದಲ ಅಭ್ಯಾಸಕ್ಕೆ ಕಥೆ ಬೇಡ, ಒಂದು ಕೆಲಸ ಸಾಕು. ಒಬ್ಬ ವ್ಯಕ್ತಿ ಕೋಣೆಗೆ ಬಂದು, ಡ್ರಾಯರಿನಲ್ಲಿ ಏನನ್ನೋ ಹುಡುಕಿ, ಅದು ಸಿಕ್ಕಿದ ಮೇಲೆ ಹೊರಟುಹೋಗುತ್ತಾನೆ. ಇದನ್ನು 8ರಿಂದ 10 ಶಾಟ್‌ಗಳಲ್ಲಿ, ಒಂದು ನಿಮಿಷದೊಳಗೆ ಹೇಳಿ. ಮೊದಲು ವೈಡ್ ಶಾಟ್‌ನಲ್ಲಿ ಇಡೀ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ತೆಗೆಯಿರಿ. ಅದನ್ನೇ ಮಿಡ್ ಶಾಟ್‌ನಲ್ಲಿ ಮತ್ತೆ ಪೂರ್ತಿ ತೆಗೆಯಿರಿ. ಆಮೇಲೆ ಕೈ, ಮುಖ, ಸಿಕ್ಕಿದ ವಸ್ತು ಇವುಗಳ ಕ್ಲೋಸ್‌ಅಪ್. ಪ್ರತಿ ಶಾಟ್‌ನಲ್ಲೂ ಕ್ರಿಯೆಗೆ ಮೊದಲು 5 ಸೆಕೆಂಡ್, ಮುಗಿದ ಮೇಲೆ 5 ಸೆಕೆಂಡ್ ಕ್ಯಾಮೆರಾ ಓಡುತ್ತಲೇ ಇರಲಿ. ಹೊಸಬರ ಶಾಟ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕೊರತೆ ಇದೇ: ಬೇಕಾದ ಕ್ಷಣ ಇರುತ್ತದೆ, ಆದರೆ ಅದರ ಆಚೀಚೆ ಕತ್ತರಿಸಲು ಜಾಗವಿರುವುದಿಲ್ಲ.

ಸಂಕಲಿಸುವಾಗ ವೈಡ್‌ನಿಂದ ಕ್ಲೋಸ್‌ಅಪ್‌ಗೆ ಚಲನೆಯ ನಡುವೆ ಕತ್ತರಿಸಿ ನೋಡಿ. ಕೈ ಡ್ರಾಯರಿನ ಹಿಡಿಯತ್ತ ಹೊರಟು ಮೂರರಲ್ಲೊಂದು ಪಾಲು ದೂರ ಸಾಗಿದಾಗ ಕತ್ತರಿಸಿದರೆ, ನೋಡುವವರ ಕಣ್ಣು ಆ ಚಲನೆಯನ್ನೇ ಹಿಂಬಾಲಿಸುತ್ತಿರುವುದರಿಂದ ಕತ್ತರಿಯ ಗುರುತು ಕಾಣುವುದಿಲ್ಲ. ಕೈ ನಿಂತ ಮೇಲೆ ಕತ್ತರಿಸಿದರೆ ಎದ್ದು ಕಾಣುತ್ತದೆ. ಒಂದೇ ವ್ಯಕ್ತಿಯ ಎರಡು ಶಾಟ್‌ಗಳ ನಡುವೆ ಕ್ಯಾಮೆರಾ ಕೋನ ಕನಿಷ್ಠ 30 ಡಿಗ್ರಿ ಬದಲಾಗಿರಬೇಕು, ಶಾಟ್‌ನ ಗಾತ್ರವೂ ಬದಲಾದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ಚಿತ್ರ ಹಾರಿಬಿದ್ದಂತೆ ಕಾಣುತ್ತದೆ.

ಎರಡನೆಯ ಅಭ್ಯಾಸ ಇಬ್ಬರದು. ಇಬ್ಬರ ಮೂಗಿನ ತುದಿಗಳನ್ನು ಸೇರಿಸುವ ಒಂದು ಗೆರೆಯನ್ನು ನೆಲದ ಮೇಲೆ ಕಲ್ಪಿಸಿಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ, ಅಂದರೆ 180 ಡಿಗ್ರಿಯ ಅರ್ಧವೃತ್ತದಲ್ಲಿ ಇರುವವರೆಗೆ ಒಬ್ಬರು ಎಡದಿಂದ ಬಲಕ್ಕೆ, ಇನ್ನೊಬ್ಬರು ಬಲದಿಂದ ಎಡಕ್ಕೆ ನೋಡುತ್ತಾರೆ. ಗೆರೆ ದಾಟಿದ ತಕ್ಷಣ ಇಬ್ಬರೂ ಒಂದೇ ಕಡೆ ನೋಡುತ್ತಾ ಮೂರನೆಯ ಯಾರೊಂದಿಗೋ ಮಾತಾಡುವಂತೆ ಕಾಣುತ್ತಾರೆ. ದಾಟಲೇಬೇಕಾದರೆ ದಾರಿಗಳಿವೆ. ಶಾಟ್ ನಡೆಯುತ್ತಿರುವಾಗಲೇ ಕ್ಯಾಮೆರಾವನ್ನು ಆಚೆ ಬದಿಗೆ ಸಾಗಿಸಬಹುದು, ನಟರನ್ನೇ ಜಾಗ ಬದಲಿಸಲು ಬಿಡಬಹುದು, ಅಥವಾ ನಡುವೆ ಸರಿಯಾಗಿ ಗೆರೆಯ ಮೇಲೆಯೇ ನಿಂತು ತೆಗೆದ ಒಂದು ಶಾಟ್ ಇಡಬಹುದು. ಇಬ್ಬರ ಕ್ಲೋಸ್‌ಅಪ್‌ಗಳಿಗೂ ಅದೇ ಲೆನ್ಸ್, ಅದೇ ದೂರ, ಅದೇ ಎತ್ತರ ಇಟ್ಟುಕೊಳ್ಳಿ. ಕ್ಯಾಮೆರಾದ ಹಿಂದೆ ನಿಂತು ಎದುರು ಮಾತು ಹೇಳುವ ನಟ ಲೆನ್ಸ್‌ಗೆ ಆದಷ್ಟು ಹತ್ತಿರ ನಿಂತರೆ ಕಣ್ಣುಗಳೆರಡೂ ಚೆನ್ನಾಗಿ ಕಾಣುತ್ತವೆ.

ಮೂರನೆಯದು ಮುಖದ ಪಾಠ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷಗಳ ಹಿಂದೆ, ಭಾವ ತೋರದ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿದರೆ ನೋಡುಗರು ಆ ಮುಖದಲ್ಲಿ ಬೇರೆ ಬೇರೆ ಭಾವ ಕಾಣುತ್ತಾರೆ ಎಂಬುದನ್ನು ತೋರಿಸಹೊರಟಿದ್ದರು. ನೀವೂ ಮಾಡಿ. ಸುಮ್ಮನೆ ನೋಡುತ್ತಿರುವ ಮುಖದ 10 ಸೆಕೆಂಡ್ ತೆಗೆದು, ಅದರ ಮುಂದೆ ಒಮ್ಮೆ ಖಾಲಿ ತಟ್ಟೆ, ಒಮ್ಮೆ ಆಡುವ ಮಗು, ಒಮ್ಮೆ ಮುಚ್ಚಿದ ಬಾಗಿಲು ಇಡಿ. ಕಥೆ ಗೊತ್ತಿಲ್ಲದ ಮೂವರಿಗೆ ಒಂದೊಂದು ಆವೃತ್ತಿ ತೋರಿಸಿ, ಆ ವ್ಯಕ್ತಿ ಏನು ಯೋಚಿಸುತ್ತಿದ್ದಾನೆಂದು ಕೇಳಿ. ನಟರಿಗೆ ಕಡಿಮೆ ಮಾಡಲು ಹೇಳುವ ಧೈರ್ಯ ಇಲ್ಲಿಂದ ಬರುತ್ತದೆ.

ಈ ಮೂರನ್ನೂ ಎರಡು ಸಲ ಸಂಕಲಿಸಿ: ಒಮ್ಮೆ 60 ಸೆಕೆಂಡಿಗೆ, ಒಮ್ಮೆ 30 ಸೆಕೆಂಡಿಗೆ. ಆಮೇಲೆ ಅದೇ ಶಾಟ್‌ಗಳನ್ನು ಸಹಪಾಠಿಯೊಬ್ಬರಿಗೆ ಕೊಟ್ಟು, ಅವರದನ್ನು ನೀವು ತೆಗೆದುಕೊಂಡು ಕತ್ತರಿಸಿ. ಇನ್ನೊಬ್ಬರು ತೆಗೆದದ್ದರಲ್ಲಿ ಏನಿಲ್ಲ ಎಂದು ತಡಕಾಡಿದಾಗ ಶಾಟ್ ತೆಗೆಯುವ ಕ್ರಮವೇ ಬದಲಾಗುತ್ತದೆ. ಹೊಸ ಕ್ಯಾಮೆರಾ ಕೊಳ್ಳುವುದಕ್ಕಿಂತ ಈ ಅದಲು ಬದಲಿನಿಂದ ಆಗುವ ಲಾಭ ದೊಡ್ಡದು.

ಹಂತ 2: ಚಿತ್ರಕಥೆ

ಮೊದಲ ಚಿತ್ರಕ್ಕೆ ಎರಡು ಪಾತ್ರ, ಒಂದೆರಡು ಜಾಗ, ಒಂದೇ ದಿನದಲ್ಲಿ ಮುಗಿಯುವ ಘಟನೆ ಸಾಕು. ರಾತ್ರಿಯ ಹೊರಾಂಗಣ, ಮಳೆ, ಗುಂಪು, ಓಡುವ ವಾಹನದೊಳಗಿನ ಮಾತು, ಪ್ರಾಣಿಗಳು, ಚಿಕ್ಕ ಮಕ್ಕಳು ಇವುಗಳಲ್ಲಿ ಯಾವುದೊಂದಿದ್ದರೂ ಶೂಟಿಂಗ್ ವೇಳೆ ಅಂದಾಜು ಮೀರುತ್ತದೆ. ಒಂದನ್ನು ಆರಿಸಿಕೊಳ್ಳಬಹುದು, ಎರಡನ್ನು ಬೇಡ.

ಕಾಣುವುದನ್ನೂ ಕೇಳಿಸುವುದನ್ನೂ ಮಾತ್ರ ಬರೆಯಿರಿ. ‘ಅವಳಿಗೆ ಅಮ್ಮನ ನೆನಪಾಯಿತು’ ಎಂಬ ಸಾಲನ್ನು ಕ್ಯಾಮೆರಾ ತೆಗೆಯಲಾರದು. ‘ಅವಳು ಸೀರೆಯ ಮಡಿಕೆ ಬಿಚ್ಚಿ ಮೂಸಿ ನೋಡಿ, ಮತ್ತೆ ಅದೇ ಮಡಿಕೆಗೆ ಮಡಚಿದಳು’ ಎಂಬುದನ್ನು ತೆಗೆಯಬಹುದು. ಕರಡು ಮುಗಿದ ಮೇಲೆ ಸಂಭಾಷಣೆಯನ್ನೆಲ್ಲ ಮುಚ್ಚಿಟ್ಟು ಬರೀ ಕ್ರಿಯೆಯನ್ನು ಓದಿ. ಕಥೆಯ ಮುಕ್ಕಾಲು ಪಾಲು ಅರ್ಥವಾಗದಿದ್ದರೆ ಅದು ಇನ್ನೂ ರೇಡಿಯೋ ನಾಟಕದ ಹಂತದಲ್ಲಿದೆ. ದೃಶ್ಯಕ್ಕೆ ಸಾಧ್ಯವಾದಷ್ಟು ತಡವಾಗಿ ಒಳಬಂದು, ಕೆಲಸವಾದ ತಕ್ಷಣ ಹೊರಹೋಗಿ. ಬಾಗಿಲು ತಟ್ಟುವುದು, ತೆರೆಯುವುದು, ಕುಶಲ ವಿಚಾರಿಸುವುದು ಇವೆಲ್ಲ ಸಂಕಲನದಲ್ಲಿ ಹೇಗೂ ಕತ್ತರಿಗೆ ಹೋಗುತ್ತವೆ. ಹೋಗುವುದನ್ನು ಬೆವರು ಸುರಿಸಿ ತೆಗೆಯುವುದು ಯಾಕೆ?

ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಸಿದ್ಧ ನಮೂನೆಯಲ್ಲಿ ಟೈಪ್ ಮಾಡಿದ ಪುಟಕ್ಕೆ ಹೊಂದುವ ಸರಾಸರಿ ಮಾತ್ರ. ‘ಅವನು ಬೆಟ್ಟ ಹತ್ತಿದ’ ಎಂಬ ಒಂದು ಸಾಲು ಒಂದು ನಿಮಿಷ ತಿನ್ನಬಲ್ಲದು, ಚುರುಕು ಮಾತಿನ ಪುಟ 40 ಸೆಕೆಂಡಿನಲ್ಲಿ ಮುಗಿಯಬಲ್ಲದು. ಗಡಿಯಾರ ಹಿಡಿದು, ಮಾತನ್ನು ಜೋರಾಗಿ ಓದಿ, ಕ್ರಿಯೆಯನ್ನು ಕೋಣೆಯಲ್ಲಿ ನಡೆದು ನೋಡಿ ಅಳೆಯಿರಿ. 10 ನಿಮಿಷಕ್ಕಿಂತ ಹೆಚ್ಚು ಬಂದರೆ ಈಗಲೇ ಕಡಿಮೆ ಮಾಡಿ.

ಹಂತ 3: ಕಾಗದದ ಮೇಲೆ ಚಿತ್ರ

ಚಿತ್ರಕಥೆಯನ್ನು ದೃಶ್ಯವಾರು ಬಿಡಿಸಿ ಬರೆಯಿರಿ. ಪ್ರತಿ ದೃಶ್ಯಕ್ಕೂ ಜಾಗ, ಹಗಲೋ ರಾತ್ರಿಯೋ, ಪಾತ್ರಗಳು, ಉಡುಪು, ಕೈಯಲ್ಲಿ ಬಳಸುವ ಪ್ರಾಪರ್ಟಿ, ವಿಶೇಷ ಸದ್ದು ಎಲ್ಲವೂ ಪಟ್ಟಿಯಲ್ಲಿರಲಿ. ದೃಶ್ಯದ ಉದ್ದವನ್ನು ಪುಟದ ಎಂಟನೆಯ ಭಾಗಗಳಲ್ಲಿ ಅಳೆಯುವುದು ವೃತ್ತಿಯಲ್ಲಿನ ಪದ್ಧತಿ: ಅರ್ಧ ಪುಟವೆಂದರೆ 4/8. ತಿನ್ನುವ, ಕುಡಿಯುವ, ಒಡೆಯುವ ವಸ್ತುಗಳಿದ್ದರೆ ಟೇಕ್‌ಗಳ ಲೆಕ್ಕ ಹಾಕಿ ಕನಿಷ್ಠ 6 ಪ್ರತಿ ಇಟ್ಟುಕೊಳ್ಳಿ.

ಆಮೇಲೆ ಪ್ರತಿ ದೃಶ್ಯಕ್ಕೆ ಮೇಲಿನಿಂದ ನೋಡಿದಂಥ ನಕ್ಷೆ ಬರೆಯಿರಿ: ಗೋಡೆ, ಕಿಟಕಿ, ಮೇಜು, ನಟರ ನಡಿಗೆಗೆ ಬಾಣ, ಕ್ಯಾಮೆರಾಕ್ಕೆ ತ್ರಿಕೋನ. ಗೆರೆ ದಾಟುವ ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಚಿತ್ರ ಬಿಡಿಸಲು ಬರುವವರು ಪ್ರತಿ ಶಾಟ್ ಹೇಗೆ ಕಾಣಬೇಕೆಂದು ಸಾಲಾಗಿ ಬಿಡಿಸಿದ ಸ್ಟೋರಿಬೋರ್ಡ್ ಮಾಡಿಕೊಳ್ಳಲಿ. ಬಾರದವರು ಫೋನಿನಲ್ಲಿ ಗೆಳೆಯರನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡರೂ ಆಯಿತು. ಶಾಟ್ ಪಟ್ಟಿಯಲ್ಲಿ ಕೊನೆಗೊಂದು ಕಾಲಂ ಇರಲಿ: ‘ಈ ಶಾಟ್ ಯಾಕೆ?’ ಉತ್ತರ ಹೊಳೆಯದ ಶಾಟ್‌ಗಳನ್ನು ಹೊಡೆದುಹಾಕಿ.

ಈಗ ದಿನದ ಲೆಕ್ಕ. 10 ಗಂಟೆಯ ಕೆಲಸದ ದಿನದಲ್ಲಿ ಊಟಕ್ಕೆ 1 ಗಂಟೆ, ಬೆಳಿಗ್ಗೆ ಸಾಮಾನು ಬಿಚ್ಚಿ ಹೊಂದಿಸಲು 1 ಗಂಟೆ, ಕೊನೆಗೆ ಕಟ್ಟಲು ಅರ್ಧ ಗಂಟೆ. ಉಳಿಯುವುದು ಏಳೂವರೆ ಗಂಟೆ. ಕ್ಯಾಮೆರಾ ಮತ್ತು ಬೆಳಕಿನ ಜಾಗ ಒಮ್ಮೆ ಬದಲಾಯಿಸಿ ಶಾಟ್ ಮುಗಿಸಲು ಸಣ್ಣ ತಂಡಕ್ಕೆ ಸರಾಸರಿ 30 ನಿಮಿಷ ಬೇಕು. ಅಂದರೆ ದಿನಕ್ಕೆ 15 ಸೆಟಪ್. ನಿಮ್ಮ ಪಟ್ಟಿಯಲ್ಲಿ ದಿನಕ್ಕೆ 28 ಇದ್ದರೆ ಕತ್ತಲಾಗುವ ಹೊತ್ತಿಗೆ 13 ಉಳಿದಿರುತ್ತವೆ, ಮತ್ತು ಸಾಮಾನ್ಯವಾಗಿ ಉಳಿಯುವುದು ನಟನೆಗೆ ಅತಿ ಮುಖ್ಯವಾದ ಕ್ಲೋಸ್‌ಅಪ್‌ಗಳೇ. ಆದ್ದರಿಂದ ಪಟ್ಟಿಯಲ್ಲೇ ಮೂರು ಗುರುತು ಹಾಕಿ: ಇದಿಲ್ಲದೆ ದೃಶ್ಯವಿಲ್ಲ, ಇದ್ದರೆ ಒಳ್ಳೆಯದು, ಹೊತ್ತು ಉಳಿದರೆ ನೋಡೋಣ.

ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದು ಅಪರೂಪ. ಒಂದು ಜಾಗದ್ದೆಲ್ಲವನ್ನೂ ಒಟ್ಟಿಗೆ ಮುಗಿಸಿ, ಅದರೊಳಗೆ ಬಿಸಿಲಿನ ದಿಕ್ಕು ನೋಡಿ, ಅದರೊಳಗೆ ನಟರ ಬಿಡುವು ನೋಡಿ ಜೋಡಿಸಿ. ಚಿತ್ರದ ಅತಿ ಕಠಿಣ ಭಾವದ ದೃಶ್ಯವನ್ನು ಮೊದಲ ಬೆಳಿಗ್ಗೆ ಇಡಬೇಡಿ. ತಂಡ ಇನ್ನೂ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದಿಲ್ಲ.

ಲೊಕೇಶನ್ ನೋಡಲು ಶೂಟಿಂಗ್ ಮಾಡುವ ಹೊತ್ತಿಗೇ, ಅದೇ ವಾರದ ದಿನವೇ ಹೋಗಿ. ಕಣ್ಣು ಮುಚ್ಚಿ 5 ನಿಮಿಷ ಕೂತು ಕೇಳಿ: ರಸ್ತೆ, ಪಂಪ್‌ಸೆಟ್, ಪಕ್ಕದ ಶಾಲೆ, ಮೇಲೆ ಹಾದುಹೋಗುವ ವಿಮಾನ. ಪ್ಲಗ್‌ಗಳು ಎಲ್ಲಿವೆ, ಎಷ್ಟು ಹೊರೆ ತಡೆಯುತ್ತವೆ, ಯಾವ ಕಿಟಕಿಗೆ ಯಾವಾಗ ಬಿಸಿಲು ಬೀಳುತ್ತದೆ ಎಂದು ಬರೆದುಕೊಳ್ಳಿ. ಜಾಗದ ಒಡೆಯರ ಅನುಮತಿಯನ್ನೂ ನಟರ ಒಪ್ಪಿಗೆಯನ್ನೂ ಶೂಟಿಂಗ್‌ಗೆ ಮೊದಲೇ ಬರಹದಲ್ಲಿ ಪಡೆಯಿರಿ. ಚಿತ್ರ ಮುಗಿದ ಮೇಲೆ ಸಹಿಗಾಗಿ ಅಲೆಯುವುದು ಕಷ್ಟ, ಸಹಿ ಸಿಗದಿದ್ದರೆ ಚಿತ್ರೋತ್ಸವಕ್ಕೆ ಕಳಿಸುವುದೂ ಕಷ್ಟ.

ಹಂತ 4: ತಂಡ ಮತ್ತು ನಟರು

ನಿರ್ದೇಶಕ, ಕ್ಯಾಮೆರಾ, ಧ್ವನಿ, ವೇಳೆ ನೋಡಿಕೊಳ್ಳುವ ಸಹಾಯಕ ನಿರ್ದೇಶಕ, ಒಂದು ಶಾಟ್‌ನ ವಿವರಗಳು ಇನ್ನೊಂದಕ್ಕೆ ಹೊಂದುವಂತೆ ಬರೆದಿಡುವ ಕಂಟಿನ್ಯೂಟಿ, ಊಟ-ಪ್ರಯಾಣ-ಪ್ರಾಪರ್ಟಿ ನೋಡುವ ಒಬ್ಬರು. ಇಷ್ಟಕ್ಕಿಂತ ಕಡಿಮೆಯಾದರೆ ಮೊದಲು ಬಲಿಯಾಗುವುದು ಧ್ವನಿ. ನಿರ್ದೇಶಕರೇ ಕ್ಯಾಮೆರಾ ಹಿಡಿದರೆ ಕಣ್ಣು ಫೋಕಸ್ ಮೇಲಿರುತ್ತದೆ, ನಟನೆಯ ಸುಳ್ಳು ಸಂಕಲನದ ದಿನ ಗೊತ್ತಾಗುತ್ತದೆ.

ರಿಹರ್ಸಲ್‌ನಲ್ಲಿ ನಟರಿಗೆ ವಿಶೇಷಣಗಳನ್ನು ಕೊಡಬೇಡಿ, ಮಾಡಲು ಒಂದು ಕೆಲಸ ಕೊಡಿ. ‘ದುಃಖದಿಂದ ಹೇಳಿ’ ಎಂದರೆ ದುಃಖದ ಪ್ರದರ್ಶನ ಸಿಗುತ್ತದೆ. ‘ಅವನು ಬಾಗಿಲು ದಾಟದ ಹಾಗೆ ತಡೆಯಿರಿ, ಆದರೆ ಬೇಡಿಕೊಂಡಂತೆ ಕಾಣಬಾರದು’ ಎಂದರೆ ನಟರಿಗೆ ಹಿಡಿಯಲು ಏನೋ ಸಿಗುತ್ತದೆ. ಕೈಗೊಂದು ಕೆಲಸವಿದ್ದರೆ ಇನ್ನೂ ಒಳ್ಳೆಯದು: ಬಟ್ಟೆ ಮಡಚುತ್ತ, ತರಕಾರಿ ಹೆಚ್ಚುತ್ತ ಮಾತಾಡುವವರು ಸುಳ್ಳಾಗುವುದು ಕಡಿಮೆ. ಆದರೆ ಯಾವ ಪದಕ್ಕೆ ಚಾಕು ನಿಂತಿತು ಎಂಬುದನ್ನು ಕಂಟಿನ್ಯೂಟಿಯವರು ಬರೆದುಕೊಳ್ಳಲೇಬೇಕು.

ಹಂತ 5: ಕ್ಯಾಮೆರಾ ಪರೀಕ್ಷೆ

ಶೂಟಿಂಗ್‌ಗೆ ಒಂದು ವಾರ ಮೊದಲು ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಉಡುಪಿನಲ್ಲಿ ಅರ್ಧ ದಿನದ ಪರೀಕ್ಷೆ ನಡೆಸಿ, ಆ ಫೈಲುಗಳನ್ನು ಸಂಕಲನದ ಕಂಪ್ಯೂಟರಿಗೆ ಹಾಕಿ, ಕೊನೆಯ ಫೈಲು ಹೊರಬರುವವರೆಗೆ ಎಲ್ಲ ಹಂತವನ್ನೂ ಒಮ್ಮೆ ಓಡಿಸಿ ನೋಡಿ. ಹೆಚ್ಚಿನ ತಾಂತ್ರಿಕ ಅವಘಡಗಳು ಈ ಅರ್ಧ ದಿನದಲ್ಲೇ ಬಯಲಾಗುತ್ತವೆ.

ಫ್ರೇಮ್ ದರವನ್ನು ಒಂದಕ್ಕೆ ನಿಗದಿ ಮಾಡಿ: ಸೆಕೆಂಡಿಗೆ 24 ಅಥವಾ 25. ಶಟರ್ ವೇಗ ಫ್ರೇಮ್ ದರದ ಇಮ್ಮಡಿಗೆ ಹತ್ತಿರವಿರಲಿ, ಅಂದರೆ 1/48 ಅಥವಾ 1/50. ಅದಕ್ಕಿಂತ ಬಹಳ ಹೆಚ್ಚಿಸಿದರೆ ಚಲನೆ ಕಡಿದು ಕಡಿದು ಕಾಣುತ್ತದೆ. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಟ್ಟರೆ ದೀಪಗಳ ಮಿಣುಕು ತಪ್ಪುತ್ತದೆ. ಕೆಲವು ಎಲ್‌ಇಡಿ ದೀಪಗಳು ಇದನ್ನೂ ಮೀರಿ ಮಿಣುಕುತ್ತವೆ. ಲೊಕೇಶನ್ನಿನ ದೀಪಗಳನ್ನೇ ತೆಗೆದು ದೊಡ್ಡ ಪರದೆಯಲ್ಲಿ ನೋಡಿ. ಬಿಸಿಲಲ್ಲಿ ಬೆಳಕು ಹೆಚ್ಚಾದಾಗ ಶಟರ್ ಮುಟ್ಟದೆ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ.

ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ಹಗಲಿಗೆ ಸುಮಾರು 5600 ಕೆಲ್ವಿನ್, ಹಳದಿ ಟಂಗ್‌ಸ್ಟನ್ ದೀಪಕ್ಕೆ 3200. ಆಟೋದಲ್ಲಿದ್ದರೆ ನಟ ಕಿಟಕಿಯತ್ತ ತಿರುಗಿದೊಡನೆ ಶಾಟ್‌ನ ನಡುವೆಯೇ ಚರ್ಮದ ಬಣ್ಣ ಬದಲಾಗುತ್ತದೆ, ಅದನ್ನು ಗ್ರೇಡಿಂಗ್‌ನಲ್ಲಿ, ಅಂದರೆ ಸಂಕಲನದ ನಂತರ ಬಣ್ಣ ತಿದ್ದುವ ಹಂತದಲ್ಲಿ, ಸರಿಪಡಿಸುವುದು ಬಹಳ ಕಷ್ಟ. ಫೋನಿನಲ್ಲಿ ತೆಗೆಯುವವರು ಎಕ್ಸ್‌ಪೋಶರ್ ಮತ್ತು ಫೋಕಸ್ ಲಾಕ್ ಮಾಡುವ ಆ್ಯಪ್ ಬಳಸಲಿ. ಬಹಳಷ್ಟು ಫೋನುಗಳು ಫ್ರೇಮ್ ದರವನ್ನು ತಾವೇ ಏರಿಳಿಸುತ್ತವೆ, ಆಗ ಬೇರೆ ಯಂತ್ರದಲ್ಲಿ ಹಿಡಿದ ಧ್ವನಿ ನಿಧಾನಕ್ಕೆ ತುಟಿಯಿಂದ ಜಾರುತ್ತದೆ. ಅಂಥ ಫೈಲುಗಳನ್ನು ಸಂಕಲನಕ್ಕೆ ಮೊದಲೇ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಬೇಕು.

ಲೆನ್ಸ್‌ನ ದ್ವಾರ ಬಹಳ ಅಗಲ ತೆರೆದಿರುವ ಎಫ್ 1.8ರಲ್ಲಿ ಹಿನ್ನೆಲೆ ಕರಗಿ ಚೆಂದ ಕಾಣುತ್ತದೆ ನಿಜ. ಆದರೆ ನಟ ಒಂದು ಗೇಣು ಮುಂದೆ ಬಾಗಿದರೆ ಕಣ್ಣು ಫೋಕಸ್ ತಪ್ಪುತ್ತದೆ. ಫೋಕಸ್ ಎಳೆಯಲು ಅನುಭವಿಗಳಿಲ್ಲದ ತಂಡಕ್ಕೆ ಎಫ್ 4 ಸುರಕ್ಷಿತ.

ಬೆಳಕಿನ ಒಂದು ನಿಯಮವನ್ನು ಲೆಕ್ಕವಾಗಿಯೇ ಕಲಿಯಿರಿ. ಚಿಕ್ಕ ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದಾಗುತ್ತದೆ, ಅಂದರೆ 2 ಸ್ಟಾಪ್ ಕಡಿಮೆ (ಬೆಳಕು ಅರ್ಧವಾದರೆ ಒಂದು ಸ್ಟಾಪ್). ದೀಪ 1 ಮೀಟರ್ ದೂರದಲ್ಲಿದ್ದು ನಟ ಇನ್ನೊಂದು ಮೀಟರ್ ಹಿಂದೆ ಸರಿದರೆ ಮುಖ ಕತ್ತಲಾಗುತ್ತದೆ. ದೀಪ 4 ಮೀಟರ್ ದೂರದಲ್ಲಿದ್ದರೆ ಅದೇ ಒಂದು ಮೀಟರಿನ ನಡಿಗೆಯಲ್ಲಿ ವ್ಯತ್ಯಾಸ ಅರ್ಧದಿಂದ ಮುಕ್ಕಾಲು ಸ್ಟಾಪ್ ಅಷ್ಟೇ. ನಡೆದಾಡುವ ದೃಶ್ಯಕ್ಕೆ ದೀಪ ದೂರವಿರಲಿ, ಹಿನ್ನೆಲೆ ಕತ್ತಲಾಗಬೇಕಾದರೆ ಹತ್ತಿರವಿರಲಿ. ಮುಖ್ಯ ಬೆಳಕು ಕ್ಯಾಮೆರಾ ಇರುವ ಬದಿಯಿಂದ ಬಾರದೆ ಮುಖದ ಆಚೆ ಬದಿಯಿಂದ ಬಂದರೆ ಮುಖಕ್ಕೆ ಆಳ ಬರುತ್ತದೆ. ಈಚೆ ಬದಿಯ ನೆರಳನ್ನು ಬಿಳಿ ಥರ್ಮಾಕೋಲ್ ಹಲಗೆಯಿಂದ ಬೇಕಾದಷ್ಟು ತಗ್ಗಿಸಿ.

ಹಂತ 6: ಧ್ವನಿ

ಮಸುಕಾದ ಚಿತ್ರವನ್ನು ನೋಡುಗರು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ವಿದ್ಯಾರ್ಥಿ ಚಿತ್ರಗಳನ್ನು ಕೆಳಗೆಳೆಯುವುದು ಹೆಚ್ಚಾಗಿ ಧ್ವನಿಯೇ, ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಮೈಕ್ ಎಷ್ಟು ದುಬಾರಿ ಎಂಬುದಕ್ಕಿಂತ ಬಾಯಿಗೆ ಎಷ್ಟು ಹತ್ತಿರ ಎಂಬುದು ಮುಖ್ಯ. ಕ್ಯಾಮೆರಾ ಮೇಲೆ ಕೂರಿಸಿದ ಮೈಕ್ ನಟರಿಂದ 3 ಮೀಟರ್ ದೂರವಿದ್ದರೆ ಮಾತಿಗಿಂತ ಕೋಣೆಯನ್ನೇ ಹೆಚ್ಚು ಹಿಡಿಯುತ್ತದೆ. ಉದ್ದ ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕ್ ಫ್ರೇಮಿನ ಮೇಲಂಚಿನ ಹೊರಗೆ, ಬಾಯಿಂದ 30ರಿಂದ 50 ಸೆಂಟಿಮೀಟರ್ ದೂರದಲ್ಲಿ, ಮೇಲಿನಿಂದ ಎದೆಯತ್ತ ಗುರಿಯಿಟ್ಟು ಇರಬೇಕು. ವೈಡ್ ಶಾಟ್‌ನಲ್ಲಿ ಅದು ಸಾಧ್ಯವಿಲ್ಲದಾಗ ಉಡುಪಿನೊಳಗೆ ಲ್ಯಾಪೆಲ್ ಮೈಕ್, ಗದ್ದದಿಂದ ಒಂದು ಗೇಣು ಕೆಳಗೆ. ಬಟ್ಟೆಯ ಸರಸರ ಸದ್ದು ಬಾರದಂತೆ ವೈದ್ಯಕೀಯ ಟೇಪಿನಿಂದ ಎರಡೂ ಬದಿ ಅಂಟಿಸಿ. ಹೊರಾಂಗಣದಲ್ಲಿ ತುಪ್ಪಳದ ಗಾಳಿಕವಚ ಇಲ್ಲದೆ ಶುರು ಮಾಡಬೇಡಿ. ಮೈಕ್‌ಗೆ ಗಾಳಿ ಬಡಿದ ಸದ್ದನ್ನು ಆಮೇಲೆ ತೆಗೆಯುವುದು ಅಸಾಧ್ಯಕ್ಕೆ ಸಮ.

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿಯಿರಿ. ಮಾಮೂಲಿ ಮಾತು ಮೀಟರಿನಲ್ಲಿ ಮೈನಸ್ 20ರಿಂದ ಮೈನಸ್ 12 ಡೆಸಿಬಲ್ ನಡುವೆ ಆಡಲಿ, ಕೂಗು ಕೂಡ ಮೈನಸ್ 6 ದಾಟದಿರಲಿ. ಕಡಿಮೆ ಮಟ್ಟದಲ್ಲಿ ಹಿಡಿದದ್ದನ್ನು ಏರಿಸಬಹುದು, ಸೊನ್ನೆ ಮುಟ್ಟಿ ಒಡೆದದ್ದು ಒಡೆದೇ ಇರುತ್ತದೆ. ಧ್ವನಿಯವರು ಹೆಡ್‌ಫೋನ್ ಹಾಕಿಕೊಂಡೇ ಇರಬೇಕು, ‘ಇನ್ನೊಂದು ಟೇಕ್ ಬೇಕು’ ಎಂದು ಹೇಳುವ ಹಕ್ಕು ಅವರಿಗಿರಬೇಕು.

ಫ್ಯಾನ್, ಎ.ಸಿ., ಫ್ರಿಜ್ ಎಲ್ಲ ಬಂದ್ ಮಾಡಿ. ಫ್ರಿಜ್ ಬಂದ್ ಮಾಡಿದವರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಟ್ಟರೆ ಹೊರಡುವಾಗ ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ಗೋಡೆಗಳು ಪ್ರತಿಧ್ವನಿಸುವ ಖಾಲಿ ಕೋಣೆಯಲ್ಲಿ ಫ್ರೇಮಿನ ಹೊರಗೆ ದಪ್ಪ ಕಂಬಳಿಗಳನ್ನು ನೇತುಹಾಕಿ, ನೆಲಕ್ಕೂ ಹಾಸಿ. ಹಿನ್ನೆಲೆಯ ಗುಂಯ್ ಸದ್ದನ್ನು ಸಾಫ್ಟ್‌ವೇರ್ ಸ್ವಲ್ಪ ತಗ್ಗಿಸೀತು. ಪ್ರತಿಧ್ವನಿಯನ್ನು ತೆಗೆಯಹೋದರೆ ಮಾತೇ ನೀರೊಳಗಿಂದ ಬಂದಂತಾಗುತ್ತದೆ.

ಪ್ರತಿ ಲೊಕೇಶನ್ನಿನಲ್ಲಿ ಎಲ್ಲರೂ, ಎಲ್ಲ ದೀಪಗಳೂ ಇದ್ದ ಹಾಗೆಯೇ ಇದ್ದು ಒಂದು ನಿಮಿಷ ಮೌನವನ್ನು ರೆಕಾರ್ಡ್ ಮಾಡಿ. ಇದನ್ನು ರೂಮ್ ಟೋನ್ ಎನ್ನುತ್ತಾರೆ. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಸದ್ದು ಕತ್ತರಿಸಿದಾಗ ಬೀಳುವ ಗುಂಡಿಗಳನ್ನು ಮುಚ್ಚುವುದು ಇದೇ. ಒಂದು ಶಾಟ್‌ನಲ್ಲಿ ಮಾತಿನ ಮೇಲೆ ಹಾರ್ನ್ ಬಿದ್ದಿದ್ದರೆ, ದೃಶ್ಯ ಮುಗಿದ ಕೂಡಲೇ, ನಟರು ಇನ್ನೂ ಅದೇ ಉಸಿರಿನಲ್ಲಿರುವಾಗ, ಕ್ಯಾಮೆರಾ ಇಲ್ಲದೆ ಆ ಸಾಲುಗಳನ್ನು ಮೂರು ಸಲ ಹೇಳಿಸಿ ಹಿಡಿದಿಡಿ. ತಿಂಗಳಾದ ಮೇಲೆ ಮಾಡುವ ಡಬ್ಬಿಂಗ್‌ಗಿಂತ ಇದು ಎಷ್ಟೋ ಚೆನ್ನಾಗಿ ಕೂರುತ್ತದೆ. ಕ್ಲೋಸ್‌ಅಪ್ ತೆಗೆಯುವಾಗ ಫ್ರೇಮಿನ ಹೊರಗಿನ ನಟ ಮಾತಿನ ಮೇಲೆ ಮಾತು ಹಾಕದಂತೆ ನೋಡಿಕೊಳ್ಳಿ. ಮಾತುಗಳು ಒಂದರ ಮೇಲೊಂದು ಬೀಳಬೇಕೆಂದಿದ್ದರೆ ಅದನ್ನು ಸಂಕಲನದಲ್ಲಿ ಮಾಡಬಹುದು, ಬೆರೆತದ್ದನ್ನು ಬಿಡಿಸಲಾಗದು.

ಹಂತ 7: ಶೂಟಿಂಗ್ ದಿನದ ಕ್ರಮ

ಪ್ರತಿ ದೃಶ್ಯಕ್ಕೂ ಒಂದೇ ಕ್ರಮ: ನಟರೊಂದಿಗೆ ನಿಲುವು-ನಡೆ ನಿಗದಿ, ನಿಂತ ಜಾಗಗಳಿಗೆ ನೆಲದ ಮೇಲೆ ಟೇಪ್ ಗುರುತು, ನಟರಿಗೆ ವಿಶ್ರಾಂತಿ ಕೊಟ್ಟು ಬೆಳಕು, ಒಂದು ತಾಲೀಮು, ಆಮೇಲೆ ಟೇಕ್. ಬೆಳಕನ್ನು ಮೊದಲು ಮಾಡಿ ನಟರನ್ನು ಆಮೇಲೆ ಕರೆದರೆ ಅವರು ದೀಪಕ್ಕಾಗಿ ನಿಲ್ಲುತ್ತಾರೆ, ದೃಶ್ಯಕ್ಕಾಗಿ ಅಲ್ಲ.

ಮೊದಲು ಸೌಂಡ್ ಓಡಲಿ, ಆಮೇಲೆ ಕ್ಯಾಮೆರಾ, ಆಮೇಲೆ ಕ್ಲಾಪ್: ‘ದೃಶ್ಯ 3, ಶಾಟ್ 2, ಟೇಕ್ 1’. ಬೋರ್ಡು ಫ್ರೇಮಿನಲ್ಲಿ ಸ್ಪಷ್ಟವಾಗಿ, ಫೋಕಸ್‌ನಲ್ಲಿ ಇರಬೇಕು. ಶುರುವಿನಲ್ಲಿ ಕ್ಲಾಪ್ ಹೊಡೆಯಲಾಗದಿದ್ದರೆ ಕೊನೆಯಲ್ಲಿ ಬೋರ್ಡನ್ನು ತಲೆಕೆಳಗಾಗಿ ಹಿಡಿದು ಹೊಡೆಯುವುದು ರೂಢಿ. ಬೇರೆ ಯಂತ್ರದಲ್ಲಿ ಧ್ವನಿ ಹಿಡಿಯುವಾಗಲೂ ಕ್ಯಾಮೆರಾದ ಸ್ವಂತ ಮೈಕ್ ಚಾಲೂ ಇರಲಿ, ಜೋಡಿಸಲು ಅದೇ ಆಧಾರ.

ಒಂದು ಟೇಕ್ ಚೆನ್ನಾಗಿ ಬಂದರೆ ಸುರಕ್ಷತೆಗೆ ಇನ್ನೊಂದು ಸಾಕು. ಮತ್ತೆ ಬೇಕೆಂದರೆ ಏನು ಬದಲಾಗಬೇಕೆಂದು ಹೇಳಿ. ‘ಚೆನ್ನಾಗಿತ್ತು, ಇನ್ನೊಮ್ಮೆ’ ಎಂಬ ಮಾತಿನಿಂದ ನಟರಿಗೆ ದಿಕ್ಕು ತೋಚುವುದಿಲ್ಲ. ಪ್ರತಿ ಟೇಕ್‌ನ ಮುಂದೆ ಕಂಟಿನ್ಯೂಟಿಯವರು ಒಂದು ಸಾಲು ಬರೆಯಲಿ: ಒಳ್ಳೆಯದು, ಧ್ವನಿ ಕೆಟ್ಟಿದೆ, ಕೊನೆ ಮಾತ್ರ ಬಳಸಬಹುದು ಹೀಗೆ. ಮುಖ್ಯ ಶಾಟ್‌ಗಳು ಮುಗಿದ ಮೇಲೆ ಅರ್ಧ ಗಂಟೆ ಉಳಿದರೆ ಕೈಗಳು, ವಸ್ತುಗಳು, ಕೇಳುತ್ತಿರುವ ಮುಖಗಳನ್ನು ತೆಗೆದಿಡಿ. ದೃಶ್ಯವನ್ನು ಚಿಕ್ಕದು ಮಾಡಲು ಸಂಕಲನಕಾರರು ಕೈಚಾಚುವುದು ಇವುಗಳಿಗೇ.

ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಚಿತ್ರ ಸುಮಾರು 45 ಜಿಬಿ ಆಗುತ್ತದೆ. ಊಟದ ಹೊತ್ತಿಗೊಮ್ಮೆ, ಸಂಜೆಗೊಮ್ಮೆ ಎರಡು ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ. ನಕಲು ಮೂಲದಂತೆಯೇ ಇದೆಯೇ ಎಂದು ಚೆಕ್‌ಸಮ್ ತಾಳೆ ನೋಡುವ ತಂತ್ರಾಂಶ ಬಳಸಿ, ಕೆಲವು ಫೈಲು ತೆರೆದು ನೋಡಿ. ಆಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಿ. ಎರಡು ಡ್ರೈವ್‌ಗಳನ್ನೂ ಒಂದೇ ಚೀಲದಲ್ಲಿ ಇಟ್ಟರೆ ಎರಡಿದ್ದೂ ಪ್ರಯೋಜನವಿಲ್ಲ. ಬೇರೆ ಬೇರೆ ಮನೆಗೆ ಹೋಗಲಿ.

ಹಂತ 8: ಸಂಕಲನ

ಕತ್ತರಿಸುವ ಮೊದಲು ಎಲ್ಲವನ್ನೂ, ಕೆಟ್ಟ ಟೇಕ್‌ಗಳನ್ನೂ ಸೇರಿಸಿ, ಒಮ್ಮೆ ಪೂರ್ತಿ ನೋಡಿ ಟಿಪ್ಪಣಿ ಮಾಡಿ. ಮೊದಲ ನೋಟದಲ್ಲಿ ಮನಸ್ಸಿಗೆ ತಟ್ಟಿದ ಕ್ಷಣಗಳನ್ನು ಆಗಲೇ ಗುರುತಿಸಿಕೊಳ್ಳಿ. ಇಪ್ಪತ್ತನೆಯ ಸಲ ನೋಡುವಾಗ ಆ ತಾಜಾತನ ಇರುವುದಿಲ್ಲ. ಫೈಲುಗಳು ಭಾರವಾಗಿದ್ದರೆ ಸಂಕಲನಕ್ಕಷ್ಟೇ ಬಳಸುವ ಹಗುರವಾದ ನಕಲು, ಅಂದರೆ ಪ್ರಾಕ್ಸಿ, ಮಾಡಿಕೊಳ್ಳಿ. ಟೈಮ್‌ಲೈನಿನ ಫ್ರೇಮ್ ದರ ಶೂಟಿಂಗ್‌ನದೇ ಇರಲಿ.

ಮೊದಲ ಜೋಡಣೆ ಚಿತ್ರಕಥೆಯ ಕ್ರಮದಲ್ಲೇ, ಏನೂ ಬಿಡದೆ. 7 ನಿಮಿಷ ಎಂದುಕೊಂಡದ್ದು 11 ನಿಮಿಷ ಬಂದು ನೀರಸವೆನಿಸಿದರೆ ಎದೆಗುಂದಬೇಡಿ, ಮೊದಲ ಜೋಡಣೆಗಳು ಹಾಗೇ ಇರುತ್ತವೆ. ಎರಡನೆಯ ಸುತ್ತಿನಲ್ಲಿ ಪ್ರತಿ ದೃಶ್ಯದ ಮೊದಲ ಶಾಟ್ ಮತ್ತು ಕೊನೆಯ ಶಾಟ್ ತೆಗೆದು ನೋಡಿ; ಅರ್ಧದಷ್ಟು ಸಲ ಅವು ಬೇಡವಾಗಿರುತ್ತವೆ. ಆಮೇಲೆ ಇಡೀ ದೃಶ್ಯಗಳನ್ನೇ ತೆಗೆದು ನೋಡಿ. ಮಾತಾಡುವವರ ಮುಖದ ಮೇಲೆ ಮಾತ್ರ ಇರುವ ಸಂಕಲನ ಟೇಬಲ್ ಟೆನಿಸ್ ಆಟದಂತಾಗುತ್ತದೆ. ಕೇಳುವವರ ಮುಖಕ್ಕೆ ಹೋಗಿ. ಮುಂದಿನ ದೃಶ್ಯದ ಧ್ವನಿ ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲೇ ಬರಲಿ, ಅಥವಾ ಈ ಮಾತು ಮುಂದಿನ ಚಿತ್ರದ ಮೇಲೂ ಸ್ವಲ್ಪ ಹರಿಯಲಿ. ಜೆ ಕಟ್, ಎಲ್ ಕಟ್ ಎಂದು ಕರೆಯುವ ಈ ಎರಡು ತಂತ್ರಗಳಿಂದಲೇ ಬಿಡಿ ಶಾಟ್‌ಗಳು ಒಂದು ಹರಿವಾಗುತ್ತವೆ.

ಪ್ರಸಿದ್ಧ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ಸಂಕಲಿಸಬೇಡಿ. ದೃಶ್ಯದ ದೌರ್ಬಲ್ಯವನ್ನು ಅದು ಮುಚ್ಚಿಬಿಡುತ್ತದೆ, ಆಮೇಲೆ ಯಾವ ಹೊಸ ಸಂಗೀತವೂ ಹಿಡಿಸುವುದಿಲ್ಲ.

ಕಥೆ ಗೊತ್ತಿಲ್ಲದ ಐವರಿಗೆ ತೋರಿಸಿ, ಮುಂಚಿತವಾಗಿ ಏನೂ ವಿವರಿಸಬೇಡಿ. ಮೂರು ಪ್ರಶ್ನೆ ಸಾಕು: ಏನಾಯಿತು? ಎಲ್ಲಿ ಗೊಂದಲವಾಯಿತು? ಎಲ್ಲಿ ಗಮನ ತಪ್ಪಿತು? ಅವರು ಸೂಚಿಸುವ ಪರಿಹಾರಗಳನ್ನು ಪಕ್ಕಕ್ಕಿಡಿ, ನೋವು ಎಲ್ಲಿದೆ ಎಂಬುದನ್ನು ಮಾತ್ರ ಬರೆದುಕೊಳ್ಳಿ. 5ನೆಯ ನಿಮಿಷದಲ್ಲಿ ಅರ್ಥವಾಗದ್ದರ ಕಾರಣ ಬಹಳ ಸಲ 2ನೆಯ ನಿಮಿಷದಲ್ಲಿ ಬೇಗ ಕತ್ತರಿಸಿದ ಒಂದು ಶಾಟ್ ಆಗಿರುತ್ತದೆ. ಆಮೇಲೆ ಒಂದು ವಾರ ಚಿತ್ರವನ್ನು ಮುಟ್ಟದೆ ಬಿಟ್ಟು ಮತ್ತೆ ಕೂರಿ.

ಹಂತ 9: ಲಾಕ್ ಆದ ಮೇಲೆ

ಪಿಕ್ಚರ್ ಲಾಕ್ ಎಂದರೆ ಇನ್ನು ಒಂದು ಫ್ರೇಮೂ ಕದಲುವುದಿಲ್ಲ ಎಂಬ ಒಪ್ಪಂದ. ಅದನ್ನು ಮುರಿದರೆ ಧ್ವನಿ, ಸಂಗೀತ, ಗ್ರೇಡಿಂಗ್ ಮೂರೂ ಕೆಲಸಗಳು ಮತ್ತೆ ಜೋಡಣೆಯಾಗಬೇಕು. ಧ್ವನಿ ವಿನ್ಯಾಸಕರಿಗೆ ಟೈಮ್‌ಲೈನಿನ ಧ್ವನಿ ತುಣುಕುಗಳನ್ನು ಬೇರೆ ತಂತ್ರಾಂಶಕ್ಕೆ ಒಯ್ಯುವ ಎಎಎಫ್ ಅಥವಾ ಒಎಂಎಫ್ ಫೈಲು ಕೊಡುವಾಗ ಪ್ರತಿ ತುಣುಕಿನ ಆಚೀಚೆ ಕನಿಷ್ಠ 2 ಸೆಕೆಂಡ್ ಹೆಚ್ಚುವರಿ ಧ್ವನಿ ಸೇರಿಸಿ. ಜೊತೆಗೆ ಟೈಮ್‌ಕೋಡ್ (ಪ್ರತಿ ಫ್ರೇಮಿನ ಗಂಟೆ-ನಿಮಿಷ-ಸೆಕೆಂಡ್-ಫ್ರೇಮ್ ಸಂಖ್ಯೆ) ಮೂಡಿಸಿದ ವಿಡಿಯೋ ಕೊಡಿ. ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದು ಫ್ರೇಮ್ ಉದ್ದದ ‘ಬೀಪ್’ ಇದ್ದರೆ ಮರಳಿ ಬಂದ ಮಿಕ್ಸ್ ಎಲ್ಲಿ ಕೂರಬೇಕೆಂಬ ಗೊಂದಲವಿರುವುದಿಲ್ಲ.

ಮಿಕ್ಸ್‌ನಲ್ಲಿ ಮೊದಲು ಮಾತು ಸರಿಯಾಗಲಿ, ಆಮೇಲೆ ಪರಿಸರದ ಸದ್ದು, ಹೆಜ್ಜೆ ಮತ್ತು ವಸ್ತುಗಳ ಸದ್ದು, ಕೊನೆಗೆ ಸಂಗೀತ. ಪ್ರಸಾರಕ್ಕೆ ಯುರೋಪಿನ ಪ್ರಸಾರಕರ ಒಕ್ಕೂಟದ (ಇಬಿಯು) ಆರ್128 ಮಾನದಂಡದಲ್ಲಿ ಒಟ್ಟು ಗಟ್ಟಿತನ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಶಿಖರ ಮೈನಸ್ 1 ಡೆಸಿಬಲ್ ಒಳಗೆ. ಆನ್‌ಲೈನ್ ವೇದಿಕೆಗಳಿಗೆ ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿಯಾದ ಪ್ರತಿ ಬೇಕಾಗುತ್ತದೆ. ಕಳಿಸುವ ಕಡೆಯ ನಿಯಮ ಓದಿ ಪ್ರತ್ಯೇಕ ಪ್ರತಿ ಮಾಡಿಸಿ. ಬಳಸುವ ಹಾಡಿಗೆ ರಚನೆಯ ಹಕ್ಕು ಒಬ್ಬರದು, ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರದು ಇರಬಹುದು. ಎರಡಕ್ಕೂ ಲಿಖಿತ ಅನುಮತಿ ಬೇಕು.

ಗ್ರೇಡಿಂಗ್‌ನಲ್ಲಿ ಮೊದಲು ದೃಶ್ಯದ ಶಾಟ್‌ಗಳೆಲ್ಲ ಒಂದಕ್ಕೊಂದು ಹೊಂದಲಿ, ‘ಲುಕ್’ ಆಮೇಲೆ. ಕಣ್ಣು ಕೆಲವೇ ನಿಮಿಷಗಳಲ್ಲಿ ತಪ್ಪು ಬಣ್ಣಕ್ಕೂ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಬೆಳಕನ್ನು ಅಳೆದು ತೋರಿಸುವ ವೇವ್‌ಫಾರ್ಮ್ ಮತ್ತು ಬಣ್ಣವನ್ನು ಅಳೆದು ತೋರಿಸುವ ವೆಕ್ಟರ್‌ಸ್ಕೋಪ್ ನೋಡುತ್ತ ಕೆಲಸ ಮಾಡಿ. ಸಬ್‌ಟೈಟಲ್ ಎರಡು ಸಾಲು ಮೀರದಿರಲಿ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಇರಬಾರದು. ರೋಮನ್ ಲಿಪಿಯಲ್ಲಿ ಸಾಲಿಗೆ ಸುಮಾರು 42 ಅಕ್ಷರಗಳ ಮಿತಿ ರೂಢಿಯಲ್ಲಿದೆ.

ಹಂತ 10: ಕೊನೆಯ ಪ್ರತಿ

ಮಾಸ್ಟರ್ ಪ್ರತಿಯನ್ನು ಪ್ರೊರೆಸ್ 422 ಎಚ್‌ಕ್ಯೂನಂಥ ಗುಣಮಟ್ಟದಲ್ಲಿ ತೆಗೆದಿಡಿ. ಕಳಿಸುವ ಹಗುರ ಪ್ರತಿಗಳೆಲ್ಲ ಅದರಿಂದಲೇ ಹುಟ್ಟಲಿ. ಅಕ್ಷರಗಳಿಲ್ಲದ ಒಂದು ಪ್ರತಿ, ಮಾತು-ಸದ್ದು-ಸಂಗೀತ ಬೇರೆ ಬೇರೆ ಇರುವ ಧ್ವನಿ ಫೈಲುಗಳು ಕೂಡ ಈಗಲೇ ಸಿದ್ಧವಾಗಲಿ. ಚಿತ್ರಮಂದಿರಕ್ಕೆ ಡಿಜಿಟಲ್ ಪ್ರೊಜೆಕ್ಟರಿನ ಫೈಲುಗಳ ಕಟ್ಟಾದ ಡಿಸಿಪಿ ಬೇಕಾಗುತ್ತದೆ: 2ಕೆ ಫ್ಲ್ಯಾಟ್ ಆಕಾರಕ್ಕೆ 1998×1080, ಹೆಚ್ಚು ಅಗಲವಾದ ಸ್ಕೋಪ್‌ಗೆ 2048×858 ಪಿಕ್ಸೆಲ್. ನಿಮ್ಮ ಚಿತ್ರ 23.976 ಫ್ರೇಮಿನಲ್ಲಿದ್ದು ಡಿಸಿಪಿ 24ರಲ್ಲಿ ಆದರೆ ಧ್ವನಿಯನ್ನೂ ಅಷ್ಟೇ ಪ್ರಮಾಣದಲ್ಲಿ ವೇಗಗೊಳಿಸಬೇಕು. ಮರೆತರೆ 10 ನಿಮಿಷದ ಕೊನೆಗೆ ತುಟಿ ಮತ್ತು ಮಾತಿನ ನಡುವೆ 0.6 ಸೆಕೆಂಡ್ ಅಂತರ ಬಿದ್ದಿರುತ್ತದೆ.

ಕಳಿಸುವ ಮೊದಲು ಆ ಫೈಲನ್ನೇ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ಮೊದಲ ಫ್ರೇಮಿನಿಂದ ಕೊನೆಯ ಹೆಸರಿನವರೆಗೆ ನಿಲ್ಲಿಸದೆ ನೋಡಿ. ಎಡ-ಬಲ ಧ್ವನಿ ಅದಲು ಬದಲಾಗಿಲ್ಲವೇ, ಕೊನೆಯ ನಿಮಿಷದಲ್ಲೂ ತುಟಿ ಹೊಂದುತ್ತಿದೆಯೇ, ಸಬ್‌ಟೈಟಲ್ ಅಂಚಿಗೆ ಕತ್ತರಿಸಿಹೋಗಿಲ್ಲವೇ, ಕೆಲಸ ಮಾಡಿದ ಎಲ್ಲರ ಹೆಸರೂ ಅವರವರು ಬರೆಯುವ ಹಾಗೇ ಇದೆಯೇ ಎಂದು ಒಬ್ಬರು ನೋಡುತ್ತ, ಒಬ್ಬರು ಟೈಮ್‌ಕೋಡ್ ಬರೆದುಕೊಳ್ಳಲಿ. ತಪ್ಪು ಸಿಕ್ಕರೆ ತಿದ್ದಿ, ಹೊಸ ಫೈಲಿಗೆ ಹೊಸ ಸಂಖ್ಯೆ ಮತ್ತು ದಿನಾಂಕ ಕೊಟ್ಟು, ಇನ್ನೊಮ್ಮೆ ಮೊದಲಿನಿಂದ ನೋಡಿ.